ಎಸೆತಗಾರ್ತಿಗೆ ಮಿತಿ ಬೇಕೆ?

ನಮ್ಮ ಕಡೆಯ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡುವ ವಾಡಿಕೆಯಿಲ್ಲ. ಅದು ಬಸವಣ್ಣನ ವಾರ. ಎಷ್ಟೇ ಹದವಾದ ಮಳೆ ಬಿದ್ದಿರಲಿ, ಪಕ್ಕದ ಹೊಲದವನು ಬೇಸಾಯದಲ್ಲಿ ಎಷ್ಟೇ ಮುಂದೆ ಹೋಗಿರಲಿ, ಆ ದಿನ ಎತ್ತು ಕೊಟ್ಟಿಗೆಯಲ್ಲಿರಬೇಕು. ಟ್ರಾಕ್ಟರುಗಳು ಬಂದ ಮೇಲೆ ಎತ್ತುಗಳೇ ವಿರಳವಾಗಿವೆಯಾದರೂ, ಜೋಡಿ ಕಟ್ಟಿದ ಮನೆಗಳಲ್ಲಿ ಈ ಕಟ್ಟಳೆ ಇನ್ನೂ ನಡೆದುಬರುತ್ತಿದೆ. ಚಿಕ್ಕಂದಿನಲ್ಲಿ ನಾನೊಮ್ಮೆ ನಮ್ಮ ತಾತನನ್ನು, "ಎತ್ತು ದಣಿದೇ ಇಲ್ಲವಲ್ಲ, ಹೂಡಿದರೇನು?" ಎಂದು ಕೇಳಿದ್ದೆ. "ದಣಿದಿದೀನಿ ಅಂತ ಅದು ಬಾಯಿಬಿಟ್ಟು ಹೇಳುತ್ತೇನವ್ವಾ? ಅದಕ್ಕೇ ವಾರ ಅಂತ ಮಾಡಿರೋದು" ಎಂದರು ಅವರು.

ಈ ಮಾತು ನನಗೆ ಮತ್ತೆ ನೆನಪಾದದ್ದು ಹೊಲದಲ್ಲಲ್ಲ, ಆಟದ ಬಯಲಿನಲ್ಲಿ. ಸಾಫ್ಟ್‌ಬಾಲ್ ಆಟದಲ್ಲಿ ಒಬ್ಬಳೇ ಎಸೆತಗಾರ್ತಿ ಎಷ್ಟು ಹೊತ್ತು ಎಸೆಯಬಹುದು, ಅದಕ್ಕೊಂದು ಮಿತಿ ಇರಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ನನ್ನ ಅಲ್ಪಮತಿಗೆ ತೋಚಿದಂತೆ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಸಾಫ್ಟ್‌ಬಾಲನ್ನು ನೋಡದಿರುವ ಮಿತ್ರರು ನಮ್ಮಲ್ಲಿ ಅನೇಕರಿದ್ದಾರೆ. ಕ್ರಿಕೆಟ್ಟಿಗಾಗಿ ಸಾಯಂಕಾಲವೆಲ್ಲ ಬಿಸಿಲಿನಲ್ಲಿ ನಿಲ್ಲುವವರು ಕೂಡ ನಮ್ಮ ಆಟವನ್ನು ಕಂಡು, "ಇದೇನು, ಹುಡುಗಿಯರ ಬೇಸ್‌ಬಾಲೇ?" ಎಂದು ಕೇಳುವುದುಂಟು. ಈ ಆಟ ಹುಟ್ಟಿದ್ದು ಅಮೆರಿಕದ ಶಿಕಾಗೋ ನಗರದಲ್ಲಿ, 1887ರಲ್ಲಿ. ಅದೂ ಚಳಿಗಾಲದಲ್ಲಿ, ಮನೆಯ ಒಳಗೆ. ನಮ್ಮ ದೇಶದಲ್ಲಿ ಇದಕ್ಕೊಂದು ರಾಷ್ಟ್ರೀಯ ಸಂಸ್ಥೆ ಏರ್ಪಟ್ಟದ್ದು 1961ರಲ್ಲಿ. ಒಂದೊಂದು ತಂಡಕ್ಕೆ ಒಂಬತ್ತು ಮಂದಿ. ಒಂದು ಪಂದ್ಯಕ್ಕೆ ಏಳು ಇನ್ನಿಂಗ್ಸು. ವಜ್ರಾಕಾರದ ಅಂಗಳದ ನಾಲ್ಕು ಮೂಲೆಗಳಿಗೆ ಬೇಸುಗಳೆಂದು ಹೆಸರು. ಒಂದು ಬೇಸಿನಿಂದ ಇನ್ನೊಂದಕ್ಕೆ 60 ಅಡಿ. ನಡುವೆ ನಿಂತು ಚೆಂಡೆಸೆಯುವವಳೇ ಪಿಚರ್, ಎಂದರೆ ಎಸೆತಗಾರ್ತಿ. ಅವಳಿಗೂ ಬ್ಯಾಟು ಹಿಡಿದವಳಿಗೂ ಮಹಿಳೆಯರ ಆಟದಲ್ಲಿ 43 ಅಡಿಗಳ ಅಂತರ. ತೋಳನ್ನು ಗಾಳಿಗಿರಣಿಯ ರೆಕ್ಕೆಯಂತೆ ಒಂದು ಪೂರ್ಣ ಸುತ್ತು ತಿರುಗಿಸಿ, ಸೊಂಟದ ಬಳಿ ಕೆಳಗಿನಿಂದಲೇ ಚೆಂಡನ್ನು ಬಿಡಬೇಕು.

ಕ್ರಿಕೆಟ್ಟಿಗೂ ಇದಕ್ಕೂ ಮುಖ್ಯವಾದ ಒಂದು ವ್ಯತ್ಯಾಸವಿದೆ. ಕ್ರಿಕೆಟ್ಟಿನಲ್ಲಿ ಒಬ್ಬನು ಒಂದು ಓವರು ಮುಗಿಸಿದೊಡನೆ ಮರು ಓವರನ್ನು ಇನ್ನೊಬ್ಬನೇ ಹಾಕಬೇಕು. ಎಂಥ ಶೂರನಿಗೂ ಎರಡು ಓವರುಗಳನ್ನು ಒಂದರ ಬೆನ್ನಿಗೆ ಒಂದು ಹಾಕುವ ಅಧಿಕಾರವಿಲ್ಲ. ಒಂದು ದಿನದ ಪಂದ್ಯಗಳಲ್ಲಂತೂ ಮಿತಿ ಇನ್ನೂ ಬಿಗಿಯಾದದ್ದು. 1975ರ ಮೊದಲನೆಯ ವಿಶ್ವಕಪ್ಪಿನಲ್ಲಿ 60 ಓವರುಗಳ ಪೈಕಿ ಒಬ್ಬನಿಗೆ 12, 50 ಓವರುಗಳ ಆಟ ಬಂದ ಮೇಲೆ 10, ಟ್ವೆಂಟಿ-20ಯಲ್ಲಿ 4. ಎಲ್ಲ ಲೆಕ್ಕವೂ ಐದರಲ್ಲೊಂದು ಪಾಲು. ಆದ್ದರಿಂದಲೇ ಪ್ರತಿಯೊಂದು ತಂಡವೂ ಐದು ಜನ ಬೌಲರುಗಳನ್ನು ಸಿದ್ಧಪಡಿಸಿಕೊಳ್ಳಲೇಬೇಕಾಗಿದೆ. ಸಾಫ್ಟ್‌ಬಾಲಿನಲ್ಲಿ ಹೀಗಿಲ್ಲ. ದೊಡ್ಡವರ ಆಟದಲ್ಲಿ ಒಬ್ಬಳೇ ಎಸೆತಗಾರ್ತಿ ಪಂದ್ಯದ ಮೊದಲ ಚೆಂಡಿನಿಂದ ಕೊನೆಯ ಚೆಂಡಿನವರೆಗೂ, ಅಂದಿನ ಎರಡನೆಯ ಪಂದ್ಯದಲ್ಲಿಯೂ, ಮೂರನೆಯದರಲ್ಲಿಯೂ ಎಸೆಯಬಹುದು. ಒಳ್ಳೆಯ ಎಸೆತಗಾರ್ತಿ ಸಿಕ್ಕಿದ ತಂಡಕ್ಕೆ ಬೇರೊಬ್ಬಳ ಯೋಚನೆಯೇ ಬರುವುದಿಲ್ಲ.

ನಮಗೂ ಬಂದಿರಲಿಲ್ಲ. ನಮ್ಮ ತಂಡದ ಎಸೆತಗಾರ್ತಿ ಅರಕಲಗೂಡು ತಾಲ್ಲೂಕಿನ ಹಳ್ಳಿಯವಳು. ಹಾಸನದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಬಿ.ಪಿ.ಎಡ್. ಮಾಡಿ ದೈಹಿಕ ಶಿಕ್ಷಕಿಯಾಗಬೇಕೆಂಬುದು ಅವಳ ಆಸೆ. ಒಮ್ಮೆ ಹೊರ ಊರಿನ ಪಂದ್ಯಾವಳಿಯೊಂದಕ್ಕೆ ಹೋಗಿದ್ದೆವು. ಖರ್ಚು ಉಳಿಸುವುದಕ್ಕಾಗಿ ಎಲ್ಲ ಪಂದ್ಯಗಳನ್ನೂ ಎರಡೇ ದಿನಗಳಲ್ಲಿ ಮುಗಿಸುವ ಏರ್ಪಾಡು. ಮೊದಲ ದಿನ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಹೊತ್ತು ಮುಳುಗುವ ಮುನ್ನ ಮತ್ತೊಂದು. ಹೀಗೆ ಮೂರು ಪಂದ್ಯಗಳಲ್ಲಿ ಒಟ್ಟು 19 ಇನ್ನಿಂಗ್ಸುಗಳನ್ನು ಅವಳೊಬ್ಬಳೇ ಎಸೆದಳು. ಮೂರನೆಯ ಪಂದ್ಯಕ್ಕೆ ಮೊದಲು, "ಆಗುತ್ತದೇನಮ್ಮಾ?" ಎಂದು ಕೇಳಿದಾಗ, "ಆಗುತ್ತದೆ ಸಾರ್" ಎಂದಳು. ನಾನು ಅವಳ ಚೆಂಡನ್ನು ಹಿಡಿಯುವ ಕ್ಯಾಚರ್. ಚೆಂಡಿನ ವೇಗ ತಗ್ಗಿದ್ದು ಎಲ್ಲರಿಗಿಂತ ಮೊದಲು ನನ್ನ ಅಂಗೈಗೆ ಗೊತ್ತಾಗಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. "ಇದೊಂದು ಪಂದ್ಯ ಕಣೇ" ಎಂದೆ. ಗೆದ್ದೆವು. ಮಾರನೆಯ ದಿನ ಅವಳಿಗೆ ಕೈಯೆತ್ತಲಾಗಲಿಲ್ಲ, ನಾವು ಸೋತೆವು. ಊರಿಗೆ ಮರಳುವಾಗ ಬಸ್ಸಿನ ಮೇಲಿನ ಸರಳನ್ನು ಅವಳು ಎಡಗೈಯಿಂದ ಹಿಡಿದು ನಿಂತಿದ್ದಳು. ಎಷ್ಟೋ ದಿನಗಳವರೆಗೆ ಅವಳ ಜಡೆಯನ್ನು ಹಾಸ್ಟೆಲಿನ ಗೆಳತಿಯರೇ ಹೆಣೆಯಬೇಕಾಯಿತು.

ಇದರಲ್ಲಿ ಯಾರನ್ನೂ ದೂರುವುದು ನನ್ನ ಉದ್ದೇಶವಲ್ಲ. ದೂರುವುದಾದರೆ ಮೊದಲು ನನ್ನನ್ನೇ ದೂರಿಕೊಳ್ಳಬೇಕು. ಕೇಳಿದವರು ಕೆಟ್ಟವರಲ್ಲ, ಒಪ್ಪಿದವಳು ಅವಿವೇಕಿಯಲ್ಲ, ಆದರೂ ಕೆಡುಕಾಯಿತು. ಹೀಗಿರಲು ತಪ್ಪು ಮನುಷ್ಯರಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಪದ್ಧತಿಯಲ್ಲಿಯೇ ಇರಬೇಕಷ್ಟೆ.

ಮಿತಿ ಇಲ್ಲದಿರುವುದಕ್ಕೆ ಹಿಂದಿನಿಂದ ಹೇಳುತ್ತ ಬಂದಿರುವ ಕಾರಣವೊಂದುಂಟು. ಬೇಸ್‌ಬಾಲಿನಲ್ಲಿ ಚೆಂಡನ್ನು ತಲೆಯ ಮೇಲಿನಿಂದ ಎಸೆಯುತ್ತಾರೆ. ಅದು ಭುಜಕ್ಕೂ ಮೊಣಕೈಗೂ ಪೆಟ್ಟು. ಸಾಫ್ಟ್‌ಬಾಲಿನಲ್ಲಿ ಕೆಳಗಿನಿಂದ ಎಸೆಯುತ್ತಾರೆ; ಅದು ಕೈ ಬೀಸಿ ನಡೆದಷ್ಟೇ ಸಹಜ, ಎಷ್ಟು ಎಸೆದರೂ ನೋವಿಲ್ಲ ಎಂಬುದೇ ಆ ಕಾರಣ. ಈ ನಂಬಿಕೆಯನ್ನು ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಆಡಿದ ಶ್ರೇಷ್ಠ ಎಸೆತಗಾರ್ತಿಯರ ಚಲನೆಯನ್ನು ಚಿತ್ರ ತೆಗೆದು ಅಳೆದ ಅಮೆರಿಕದ ಸಂಶೋಧಕರು ತಮ್ಮ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿದರು. ಎಸೆಯುವಾಗ ತೋಳನ್ನು ಭುಜದ ಕೀಲಿನಿಂದ ಹೊರಕ್ಕೆ ಸೆಳೆಯುವ ಬಲವು ಸರಾಸರಿ ಆಕೆಯ ದೇಹದ ತೂಕದ ಶೇಕಡ 80ರಷ್ಟಿತ್ತು. 50 ಕಿಲೋ ತೂಕದ ಹುಡುಗಿಗೆ ಈ ಲೆಕ್ಕ ಹಾಕಿದರೆ, ಒಂದೊಂದು ಎಸೆತಕ್ಕೂ 40 ಕಿಲೋ ಆಲೂಗೆಡ್ಡೆಯ ಚೀಲವನ್ನು ಕ್ಷಣಮಾತ್ರ ತೋಳಿಗೆ ಜೋತುಬಿಟ್ಟಂತೆ. ಒಂದು ಪಂದ್ಯಕ್ಕೆ ನೂರರ ಆಸುಪಾಸಿನಲ್ಲಿ ಎಸೆತಗಳು. ಅಭ್ಯಾಸದ ಎಸೆತಗಳು ಬೇರೆ.

ನಮ್ಮ ಭುಜದ ಕೀಲಿನ ರಚನೆಯೂ ಇಲ್ಲಿ ಗಮನಾರ್ಹ. ಸೊಂಟದ ಕೀಲಿನಲ್ಲಿ ಎಲುಬಿನ ಗುಂಡು ಆಳವಾದ ಬಟ್ಟಲಿನಲ್ಲಿ ಕೂತಿದೆ. ಭುಜದಲ್ಲಾದರೋ ಅದು ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂತಿದೆ. ಆದ್ದರಿಂದಲೇ ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸಬಲ್ಲೆವು. ಆ ನಿಂಬೆಹಣ್ಣು ತಟ್ಟೆಯಿಂದ ಜಾರದಂತೆ ಸುತ್ತಲೂ ನಾಲ್ಕು ಸ್ನಾಯುಗಳು ಅಪ್ಪಿ ಹಿಡಿದಿವೆ. ಇವಕ್ಕೆ ರೊಟೇಟರ್ ಕಫ್ ಎಂದು ಹೆಸರು. ತೋಳಿನ ಮುಂಭಾಗದ ಬೈಸೆಪ್ಸ್ ಸ್ನಾಯುವೂ ಇದಕ್ಕೆ ನೆರವಾಗುತ್ತದೆ. ಈ ಸ್ನಾಯುಗಳು ದಣಿದಾಗ ಅವುಗಳ ಹೊರೆ ಹುರಿಯಂತಿರುವ ಸ್ನಾಯುಬಂಧಗಳ ಮೇಲೆ ಬೀಳುತ್ತದೆ. ಕಾಲು ಸೊಂಟಗಳು ದಣಿದರೆ ಅವು ಮಾಡಬೇಕಾದ ಕೆಲಸವನ್ನೂ ತೋಳೇ ಮಾಡಬೇಕು. ಹೀಗೆ ಕೆಡುಕು ಆಗುವುದು ಎಸೆಯುವ ರೀತಿಯೊಂದರಿಂದಲೇ ಅಲ್ಲ, ದಣಿದ ಮೇಲೂ ಎಸೆಯುವುದರಿಂದ. ಹಗ್ಗ ಒಂದೇ ಸೇದಿಗೆ ಹರಿಯುವುದಿಲ್ಲ. ಎಳೆ ಎಳೆಯಾಗಿ ಸವೆದು ಒಂದು ದಿನ ಹರಿಯುತ್ತದೆ.

ಬೇಸ್‌ಬಾಲಿನವರು ಇದನ್ನು ಮೊದಲೇ ಅರಿತರು. ಅಮೆರಿಕದ ಲಿಟ್ಲ್ ಲೀಗ್ ಎಂಬ ಬಾಲಕರ ಸಂಸ್ಥೆ 2007ರಿಂದ ಎಸೆತಗಳನ್ನು ಎಣಿಸಿ ಮಿತಿ ಹಾಕಿತು: 11-12 ವಯಸ್ಸಿನವರಿಗೆ ದಿನಕ್ಕೆ 85, 13ರಿಂದ 16ರವರಿಗೆ 95. ಅದೇ ಸಂಸ್ಥೆ ಬಾಲಕಿಯರ ಸಾಫ್ಟ್‌ಬಾಲಿಗೆ ಎಸೆತಗಳ ಬದಲು ಇನ್ನಿಂಗ್ಸುಗಳ ಲೆಕ್ಕದಲ್ಲಿ ಮಿತಿ ಇಟ್ಟಿತು. ಎಸೆತಗಾರನ ಛಲವನ್ನು ಪೂಜಿಸುವ ಜಪಾನಿನಲ್ಲಿಯೂ ಪ್ರೌಢಶಾಲೆಗಳ ಬೇಸ್‌ಬಾಲ್ ಒಕ್ಕೂಟ 2020ರಿಂದ ಒಬ್ಬನಿಗೆ ವಾರಕ್ಕೆ 500 ಎಸೆತಗಳೆಂದು ಕಟ್ಟಳೆ ಮಾಡಿತು.

ಜಪಾನಿನ ಈ ಕಟ್ಟಳೆಯ ಹಿಂದಿನ ಕಥೆ ನಮ್ಮಂಥ ಕಾಲೇಜಿನವರಿಗೆ ತುಂಬ ಹತ್ತಿರದ್ದು. ಅಕಿತ ಪ್ರಾಂತ್ಯದಲ್ಲಿ ಕನಾಶಿ ಎಂಬ ಸರ್ಕಾರಿ ಕೃಷಿ ಪ್ರೌಢಶಾಲೆಯಿದೆ. 2018ರ ಬೇಸಗೆಯಲ್ಲಿ ಆ ಶಾಲೆಯ ಹುಡುಗರು ಕೋಶಿಯೆನ್ ಎಂಬ ರಾಷ್ಟ್ರೀಯ ಪಂದ್ಯಾವಳಿಯ ಅಂತಿಮ ಪಂದ್ಯದವರೆಗೂ ಬಂದರು. ಅವರಿಗಿದ್ದುದು ಒಬ್ಬನೇ ಎಸೆತಗಾರ, ಕೋಸೈ ಯೋಶಿದ. ಆ ಒಂದು ಪಂದ್ಯಾವಳಿಯಲ್ಲಿ ಅವನು ಎಸೆದದ್ದು 881 ಎಸೆತಗಳು. ಅಂತಿಮ ಪಂದ್ಯದಲ್ಲಿ ಎದುರಾದದ್ದು ಒಸಾಕದ ಬಲಿಷ್ಠ ಖಾಸಗಿ ಶಾಲೆ. ಅವರ ಬಳಿ ಎಸೆಯಬಲ್ಲವರು ಹಲವರು. ಐದು ಇನ್ನಿಂಗ್ಸುಗಳ ನಂತರ ಯೋಶಿದ ಮುಂದುವರಿಯಲಾರದೆ ಚೆಂಡನ್ನು ಬಿಟ್ಟುಕೊಟ್ಟ. ಪಂದ್ಯ 13-2ರಲ್ಲಿ ಮುಗಿಯಿತು. ದೇಶವೆಲ್ಲ ಅವನನ್ನು ಕೊಂಡಾಡಿತು. ಜೊತೆಗೇ, ಒಬ್ಬ ಹುಡುಗನಿಂದ ಇಷ್ಟೊಂದು ಕೇಳಬಹುದೇ ಎಂಬ ಚರ್ಚೆಯೂ ಎದ್ದಿತು.

ಮಿತಿಯನ್ನು ವಿರೋಧಿಸುವವರ ಅತ್ಯಂತ ಬಲವಾದ ವಾದವೂ ಇದೇ ಕಥೆಯಲ್ಲಿದೆ ಎಂಬುದನ್ನು ನಾನು ಮರೆಮಾಚಲಾರೆ. "ಮಿತಿ ಇದ್ದಿದ್ದರೆ ಆ ಬಡ ಶಾಲೆ ಅಂತಿಮ ಪಂದ್ಯವನ್ನೇ ಕಾಣುತ್ತಿರಲಿಲ್ಲ. ಹತ್ತು ಜನ ಎಸೆತಗಾರರನ್ನು ಸಾಕಬಲ್ಲ ದೊಡ್ಡ ಸಂಸ್ಥೆಗಳಿಗೆ ಮಿತಿಯಿಂದ ನಷ್ಟವಿಲ್ಲ. ಒಬ್ಬಳನ್ನೇ ನಂಬಿದ ಸರ್ಕಾರಿ ಕಾಲೇಜಿಗೆ ಮಾತ್ರ ನಷ್ಟ. ಇದು ನ್ಯಾಯವೆ?" ಎಂದು ಅವರು ಕೇಳುತ್ತಾರೆ. ಈ ಮಾತು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ನಮ್ಮಂಥವರಿಗೆ ಗೆಲ್ಲುವ ಅವಕಾಶಗಳು ಎಷ್ಟು ಅಪರೂಪವೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೆ ಯೋಚಿಸಿದಷ್ಟೂ ಈ ವಾದದ ಒಳಗಿನ ಕೊರತೆ ನನಗೆ ಕಂಡಿತು. ಬಡ ಕಾಲೇಜಿನ ಬಡತನವನ್ನು ಒಬ್ಬ ಹುಡುಗಿಯ ಭುಜ ತೀರಿಸಬೇಕೆಂದು ಅದು ಹೇಳುತ್ತದೆ. ಶ್ರೀಮಂತ ತಂಡ ಐವರಿಗೆ ಹಂಚುವ ಹೊರೆಯನ್ನು ನಾವು ಒಬ್ಬಳ ಮೇಲೆ ಹೇರಿ, ಅದಕ್ಕೆ ಛಲವೆಂದು ಹೆಸರಿಡುತ್ತೇವೆ. ಪದಕ ಕಾಲೇಜಿನ ಕಪಾಟಿಗೆ, ನೋವು ಅವಳ ಮನೆಗೆ. ದೈಹಿಕ ಶಿಕ್ಷಕಿಯಾಗಬೇಕೆಂದಿದ್ದವಳ ಕೈ ಆಯ್ಕೆಯ ಪರೀಕ್ಷೆಯ ಹೊತ್ತಿಗೆ ಮೇಲೇಳದಿದ್ದರೆ ಆ ಪದಕದಿಂದ ಅವಳಿಗೇನು ಪ್ರಯೋಜನ?

ಇನ್ನೂ ಒಂದು ಸಂಗತಿಯುಂಟು. ಮಿತಿ ಇಲ್ಲದ ಕಡೆ ಎರಡನೆಯವಳು ತಯಾರಾಗುವುದೇ ಇಲ್ಲ. ಇದಕ್ಕೆ ನಮ್ಮ ಜಿಲ್ಲೆಯ ಕ್ರಿಕೆಟ್ಟಿನಿಂದಲೇ ಒಂದು ಉದಾಹರಣೆ ಕೊಡಬಹುದು. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಹೆಸರನ್ನು ಲೋಕಕ್ಕೆಲ್ಲ ಪರಿಚಯಿಸಿದ ಶ್ರೀನಾಥ್ ಅವರು ಭಾರತದ ವೇಗದ ಬೌಲಿಂಗಿನ ಭಾರವನ್ನು ವರ್ಷಗಟ್ಟಲೆ ಹೊತ್ತರು; 67 ಟೆಸ್ಟುಗಳಲ್ಲಿ 236 ವಿಕೆಟ್ಟುಗಳನ್ನು ಪಡೆದರು. ಟೆಸ್ಟ್ ಪಂದ್ಯದಲ್ಲಿ ಒಬ್ಬನು ಒಟ್ಟು ಎಷ್ಟು ಓವರು ಹಾಕಬಹುದೆಂಬುದಕ್ಕೆ ಮಿತಿಯಿಲ್ಲ. 1997ರಲ್ಲಿ ಅವರ ಭುಜದ ಅದೇ ರೊಟೇಟರ್ ಕಫ್ ಗಾಯಗೊಂಡು, ಶಸ್ತ್ರಚಿಕಿತ್ಸೆಯಾಗಿ, ಅವರು ವೆಸ್ಟ್ ಇಂಡೀಸ್ ಪ್ರವಾಸವನ್ನೇ ಬಿಡಬೇಕಾಯಿತು. ಅದಕ್ಕೆ ಸ್ವಲ್ಪ ಮೊದಲು, 1996ರ ಅಕ್ಟೋಬರಿನಲ್ಲಿ, ಆಸ್ಟ್ರೇಲಿಯದ ವಿರುದ್ಧ ದೆಹಲಿಯಲ್ಲಿ ನಡೆದ ಟೆಸ್ಟಿಗೆ ಅವರು ಗಾಯದಿಂದ ಆಡಲಾಗದಿದ್ದಾಗ ಅವರ ಸ್ಥಾನಕ್ಕೆ ಬಂದವರು ಅರಸೀಕೆರೆಯಲ್ಲಿಯೇ ಹುಟ್ಟಿದ ಡೇವಿಡ್ ಜಾನ್ಸನ್. ಅತಿವೇಗದ ಬೌಲರೆಂದು ಹೆಸರಾಗಿದ್ದ ಅವರು ಒಟ್ಟು ಆಡಿದ್ದು ಎರಡೇ ಟೆಸ್ಟುಗಳು; 2024ರಲ್ಲಿ ತೀರಿಕೊಂಡರು. ಜಾನ್ಸನ್ನರ ಆಟ ಬೇಗ ಮುಗಿದದ್ದಕ್ಕೆ ಇದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಒಬ್ಬನ ಗಾಯವೇ ಇನ್ನೊಬ್ಬನ ಅವಕಾಶದ ಬಾಗಿಲಾಗುವುದು ಒಳ್ಳೆಯ ಏರ್ಪಾಡಲ್ಲವೆಂಬುದು ಒಂದೇ ತಾಲ್ಲೂಕಿನ ಹೆಸರು ಹೊತ್ತ ಈ ಇಬ್ಬರ ಕಥೆಯಿಂದ ಸ್ಪಷ್ಟವಾಗುತ್ತದೆ.

ಸಾಫ್ಟ್‌ಬಾಲಿನಲ್ಲಿಯೇ ಇದಕ್ಕಿಂತ ಒಳ್ಳೆಯ ಪಾಠ ಕಲಿಸಿದವರು ಜಪಾನಿನ ಯುಕಿಕೋ ಉಯೆನೋ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ, ಆಗಸ್ಟ್ 20ರಂದು, ಆಕೆ ಅಮೆರಿಕದ ವಿರುದ್ಧ ಒಂಬತ್ತು ಇನ್ನಿಂಗ್ಸು ಎಸೆದು ಸೋತರು; ಅದೇ ದಿನ ಆಸ್ಟ್ರೇಲಿಯದ ವಿರುದ್ಧ ಹನ್ನೆರಡು ಇನ್ನಿಂಗ್ಸು ಎಸೆದು ಗೆದ್ದರು. ಮರುದಿನ ಮತ್ತೆ ಅಮೆರಿಕದ ಎದುರು ಏಳು ಇನ್ನಿಂಗ್ಸು ಎಸೆದು 3-1ರಿಂದ ಚಿನ್ನದ ಪದಕ ಗೆದ್ದರು. ಎರಡು ದಿನಗಳಲ್ಲಿ ಒಟ್ಟು 413 ಎಸೆತಗಳು. "ನೋಡಿ, ಆಕೆಗೇನೂ ಆಗಲಿಲ್ಲವಲ್ಲ!" ಎಂದು ಅನೇಕರು ಹೇಳುವುದುಂಟು. ಆದರೆ ಒಬ್ಬ ಈಜುಗಾರ ನೆರೆಬಂದ ಹೇಮಾವತಿಯನ್ನು ದಾಟಿದನೆಂದು ಎಲ್ಲರನ್ನೂ ಹೊಳೆಗೆ ಇಳಿಸಲಾಗುವುದೆ? ಆಕೆಯ ಬೆನ್ನಿಗೆ ಒಂದು ರಾಷ್ಟ್ರದ ವೈದ್ಯರೂ ತರಬೇತುದಾರರೂ ಇದ್ದರು. ನಮ್ಮ ಹುಡುಗಿಯ ಬಳಿ ಇದ್ದದ್ದು ಒಂದು ಡಬ್ಬಿ ನೋವಿನ ಮುಲಾಮು.

ಆ ಕಥೆಯ ಉತ್ತರಾರ್ಧವನ್ನು ಹೇಳುವವರು ಮಾತ್ರ ಕಡಿಮೆ. ಆ ಬಳಿಕ ಒಲಿಂಪಿಕ್ಸಿನಿಂದ ಈ ಆಟವನ್ನು ಕೈಬಿಟ್ಟಿದ್ದರು. 2021ರಲ್ಲಿ ಟೋಕಿಯೋದಲ್ಲಿ ಅದು ಮರಳಿ ಬಂದಾಗ ಉಯೆನೋ ಅವರಿಗೆ 39 ವರ್ಷ. ಅಂತಿಮ ಪಂದ್ಯದಲ್ಲಿ ಅಮೆರಿಕವೇ ಎದುರಾಳಿ. ಈ ಸಲ ಆಕೆ ಒಬ್ಬಂಟಿಯಲ್ಲ. ಆರನೆಯ ಇನ್ನಿಂಗ್ಸಿನಲ್ಲಿ ಮಿಯು ಗೋಟೋ ಎಂಬ 20 ವರ್ಷದ ಹುಡುಗಿ ಬಂದು ಚೆಂಡನ್ನು ತೆಗೆದುಕೊಂಡಳು. ಉಯೆನೋ ಸ್ವಲ್ಪ ದಣಿವಾರಿಸಿಕೊಂಡು, ಏಳನೆಯ ಇನ್ನಿಂಗ್ಸಿಗೆ ಮರಳಿ ಬಂದು ಪಂದ್ಯವನ್ನು ಮುಗಿಸಿದರು. 2-0, ಮತ್ತೆ ಚಿನ್ನ. ಮೊದಲಿನ ಪದಕ ಒಬ್ಬಳ ಸಹನೆಯಿಂದ ಬಂದದ್ದು. ಎರಡನೆಯದು ಇಬ್ಬರ ಸಿದ್ಧತೆಯಿಂದ ಬಂದದ್ದು. ನಮಗೆ ಅನುಕರಣೀಯವಾದುದು ಎರಡನೆಯದೇ ಅಲ್ಲವೆ?

ಹಾಗಾದರೆ ನಮ್ಮಲ್ಲಿ ಎರಡನೆಯವಳು ಏಕೆ ತಯಾರಾಗಲಿಲ್ಲ? ಕಾರಣ ಹುಡುಗಿಯರ ಸೋಮಾರಿತನವಲ್ಲ, ಬಸ್ಸಿನ ಸಮಯ. ನಮ್ಮ ತಂಡದಲ್ಲಿ ಹೆಚ್ಚಿನವರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ದಿನವೂ ಮೂವತ್ತು ನಲವತ್ತು ಕಿಲೋಮೀಟರು ಬಂದು ಹೋಗುವವರು. 2023ರಲ್ಲಿ ಶಕ್ತಿ ಯೋಜನೆ ಬಂದು ನಮ್ಮ ಬಸ್ಸಿನ ಹಣ ಉಳಿಯಿತು. ಆದರೆ ಹೊತ್ತು ಉಳಿಯಲಿಲ್ಲ. ತಾಲ್ಲೂಕು ಕೇಂದ್ರದಲ್ಲಿಳಿದು ಹಳ್ಳಿಯ ಬಸ್ಸು ಹಿಡಿಯಬೇಕಾದವಳು ನಾಲ್ಕೂವರೆಗೇ ಮೈದಾನ ಬಿಡುತ್ತಾಳೆ. ಎಸೆತವೋ, ದಿನವೂ ಗಂಟೆಗಟ್ಟಲೆ ಎಸೆದರೆ ಮಾತ್ರ ಕೈಗೆ ಹತ್ತುವ ವಿದ್ಯೆ. ಹಾಸ್ಟೆಲಿನಲ್ಲಿದ್ದವಳಿಗೆ ಮಾತ್ರ ಅದು ಸಾಧ್ಯವಾಯಿತು. ಅವಳೊಬ್ಬಳು ಸಾಕೆಂದು ಉಳಿದವರು ಸುಮ್ಮನಾದೆವು. ಇಬ್ಬರು ಎಸೆತಗಾರ್ತಿಯರು ಕಡ್ಡಾಯವೆಂದು ನಿಯಮವಿದ್ದಿದ್ದರೆ, ಬೆಳಗಿನ ಬಿಡುವಿನ ಒಂದು ಗಂಟೆಯಲ್ಲಾದರೂ ಯಾರಿಗಾದರೂ ಕಲಿಸಲೇಬೇಕಾಗುತ್ತಿತ್ತು.

ಆದುದರಿಂದ ನನ್ನ ಸೂಚನೆ ಇಷ್ಟು. ಕಾಲೇಜುಗಳ ಪಂದ್ಯಾವಳಿಗಳಲ್ಲಿ ಒಬ್ಬಳು ಒಂದು ದಿನಕ್ಕೆ ಹತ್ತು ಇನ್ನಿಂಗ್ಸುಗಳಿಗಿಂತ ಹೆಚ್ಚು ಎಸೆಯಬಾರದು. ಆಗ ಒಂದು ಪಂದ್ಯವನ್ನು ಅವಳೇ ಪೂರ್ತಿ ಎಸೆಯಬಹುದು, ಎರಡನೆಯದರಲ್ಲಿ ಕಷ್ಟದ ಮೂರು ಇನ್ನಿಂಗ್ಸುಗಳಿಗೆ ಬರಬಹುದು. ಉಳಿದ ನಾಲ್ಕನ್ನು ಇನ್ನೊಬ್ಬಳು ಎಸೆಯಬೇಕು. ಹೀಗೆ ಒಬ್ಬಳನ್ನೇ ನಂಬಿದ ಸಣ್ಣ ತಂಡಕ್ಕೂ ಗೆಲ್ಲುವ ಆಸೆ ಉಳಿಯುತ್ತದೆ. ಎಸೆತ ನಿಲ್ಲಿಸಿದವಳು ಆಟವನ್ನೇ ಬಿಡಬೇಕಾಗಿಲ್ಲ. ಬೇಸಿನ ಬಳಿ ನಿಂತು ಚೆಂಡು ಹಿಡಿಯಬಹುದು, ಬ್ಯಾಟು ಬೀಸಬಹುದು. ಎರಡನೆಯದಾಗಿ, ಒಂದು ತಂಡಕ್ಕೆ ಒಂದೇ ದಿನ ಮೂರು ಪಂದ್ಯಗಳು ಬೀಳದಂತೆ ವೇಳಾಪಟ್ಟಿ ಮಾಡುವ ಹೊಣೆ ಪಂದ್ಯ ನಡೆಸುವವರದು. ಮಿತಿ ಆಟಗಾರ್ತಿಗೆ ಮಾತ್ರವಲ್ಲ, ಆಡಿಸುವವರಿಗೂ ಇರಬೇಕು.

"ಅವಳೇ ಒಪ್ಪಿದ ಮೇಲೆ ತಡೆಯಲು ನಾವಾರು?" ಎಂಬ ಪ್ರಶ್ನೆ ಇನ್ನೂ ಉಳಿಯುತ್ತದೆ. ಇದಕ್ಕೆ ನನ್ನ ಉತ್ತರ ಸರಳವಾದದ್ದು. ಗೆಳತಿಯರು ಸುತ್ತ ನಿಂತಿರುವಾಗ, ಅಧ್ಯಾಪಕರು ಪ್ರೀತಿಯಿಂದ ಕೇಳುತ್ತಿರುವಾಗ, ಮನೆಯವರನ್ನು ಒಪ್ಪಿಸಿ ಪರವೂರಿಗೆ ಬಂದ ಹುಡುಗಿ "ಆಗುವುದಿಲ್ಲ" ಎಂದು ಹೇಗೆ ಹೇಳಿಯಾಳು? ಅವಳ ಒಪ್ಪಿಗೆ ಒಪ್ಪಿಗೆಯಲ್ಲ, ಸಂಕೋಚ. ನಿಯಮವಿದ್ದರೆ ಅವಳು ಏನನ್ನೂ ಹೇಳಬೇಕಾಗಿಲ್ಲ. ಯಾರ ಮುಂದೆಯೂ ಸೋತವಳಾಗಬೇಕಾಗಿಲ್ಲ. ನಮ್ಮ ತಾತ ಸೋಮವಾರದ ಬಗ್ಗೆ ಹೇಳಿದ್ದು ಇದನ್ನೇ.

ನನ್ನ ಗೆಳತಿಯ ಕೈ ಈಗ ಮೇಲೇಳುತ್ತದೆ. ಜಡೆಯನ್ನು ತಾನೇ ಹೆಣೆದುಕೊಳ್ಳುತ್ತಾಳೆ. ಎಸೆತದಲ್ಲಿ ಮೊದಲಿನ ವೇಗವಿಲ್ಲ. ಚನ್ನರಾಯಪಟ್ಟಣದ ಕಡೆಯಿಂದ ಬರುವ ಮೊದಲನೆಯ ವರ್ಷದ ಹುಡುಗಿಯೊಬ್ಬಳಿಗೆ ಬೆಳಿಗ್ಗೆ ಎಂಟೂವರೆಗೆ, ತರಗತಿಗಳಿಗೆ ಮೊದಲು, ಅವಳೇ ಎಸೆತ ಕಲಿಸುತ್ತಿದ್ದಾಳೆ. ಚೆಂಡು ಹಿಡಿಯುವುದಕ್ಕೆ ನಾನು ಹೋಗುತ್ತೇನೆ. ಆ ಹುಡುಗಿ ನಲವತ್ತು ಎಸೆತ ಎಸೆದೊಡನೆ ಚೆಂಡನ್ನು ಕೈಯಿಂದ ತೆಗೆದುಕೊಳ್ಳುತ್ತೇವೆ. "ಇನ್ನೂ ಆಗುತ್ತದೆ ಅಕ್ಕಾ" ಎಂದು ಅವಳು ದಿನವೂ ಹೇಳುತ್ತಾಳೆ. ನಾವು ಕೊಡುವುದಿಲ್ಲ.

ಮುಂದಿನ ವರ್ಷ ನಾವಿಬ್ಬರೂ ಈ ಕಾಲೇಜಿನಲ್ಲಿರುವುದಿಲ್ಲ. ನಿಯಮ ಮಾಡುವುದು ನಮ್ಮ ಕೈಯಲ್ಲಿಲ್ಲ. ಆದರೆ ನಿಯಮ ಬರುವ ತನಕ ಎಣಿಸುವುದು ಯಾರ ಕೈಯಲ್ಲಾದರೂ ಇದೆ. ನಮ್ಮ ನಂತರ ಬರುವ ಸೋದರಿಯರೂ, ನಮಗೆ ಆಟ ಕಲಿಸಿದ ಗುರುಗಳೂ ಈ ಎಣಿಕೆಯನ್ನು ಬಿಡದೆ ನಡೆಸಿಕೊಂಡು ಬರಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.